ಲೋಕಲ್ ಎಂಬ ಗುಣವಾಚಕ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದು ಸೇರಿದ ಮಾತುಗಳಲ್ಲಿ ಬಹುಪಾಲು ನಾಮಪದಗಳು. ಬಸ್ಸು, ಪೆನ್ನು, ಕೋರ್ಟು, ಟಿಕೇಟು ಮೊದಲಾದವು. ವಸ್ತು ಬಂತು, ಅದರ ಬೆನ್ನಿಗೆ ಹೆಸರೂ ಬಂತು. ಇದರಲ್ಲಿ ಸೋಜಿಗವೇನಿಲ್ಲ. ಆದರೆ ಗುಣವಾಚಕಗಳ ಸಂಗತಿ ಹಾಗಲ್ಲ. ಒಳ್ಳೆಯದು, ಕೆಟ್ಟದ್ದು, ದೊಡ್ಡದು, ಸಣ್ಣದು ಎನ್ನಲು ನಮ್ಮಲ್ಲಿ ಮಾತಿಗೆ ಬರವಿಲ್ಲ. ಹಾಗಿದ್ದೂ ಪರಭಾಷೆಯ ಗುಣವಾಚಕವೊಂದು ನಮ್ಮ ಅಡಿಗೆಮನೆಯವರೆಗೆ ಬಂದು ಕುಳಿತರೆ, ಅದು ನಮ್ಮಲ್ಲಿಲ್ಲದ ಯಾವುದೋ ಒಂದು ಕೆಲಸವನ್ನು ಮಾಡುತ್ತಿರಬೇಕು. ಅಂಥ ಮಾತುಗಳಲ್ಲಿ ‘ಲೋಕಲ್’ ಒಂದು. ಅಂಬರನಾಥ, ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಈ ಮಾತು ಕೇಳಿಸದ ದಿನವಿಲ್ಲ. ಅದರ ಅರ್ಥಗಳನ್ನೂ ಅದು ನಡೆದು ಬಂದ ದಾರಿಯನ್ನೂ ಸ್ವಲ್ಪ ನೋಡುವುದು ಈ ಲೇಖನದ ಉದ್ದೇಶ. ನಾನು ಭಾಷಾಶಾಸ್ತ್ರಜ್ಞನಲ್ಲ, ವಿಜ್ಞಾನ ಓದಿ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ನೋಡುವ ಗುಮಾಸ್ತ. ಆದರೆ ಒಂದು ಶಬ್ದವನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂಬ ಚಿಂತೆ ಗುಮಾಸ್ತನಿಗೆ ಸಹಜವಾದದ್ದೇ.

ಲ್ಯಾಟಿನ್ ಭಾಷೆಯಲ್ಲಿ ‘ಲೋಕುಸ್’ ಎಂದರೆ ಜಾಗ, ಸ್ಥಳ. ಅದರಿಂದ ‘ಲೋಕಾಲಿಸ್’, ಅದರಿಂದ ಇಂಗ್ಲಿಷಿನ ‘ಲೋಕಲ್’. ಜಾಗಕ್ಕೆ ಸೇರಿದ್ದು ಎಂದಿಷ್ಟೇ ಮೂಲಾರ್ಥ. ನಮ್ಮ ‘ಲೋಕ’ಕ್ಕೂ ಇದಕ್ಕೂ ಉಚ್ಚಾರದ ಹೋಲಿಕೆ ಇದ್ದರೂ ನಂಟಿಲ್ಲ. ಅರ್ಥದಲ್ಲಂತೂ ಎರಡೂ ಎದುರು ಬದುರು: ಲೋಕವೆಂದರೆ ಎಲ್ಲವೂ, ಲೋಕಲ್ ಎಂದರೆ ಇಲ್ಲಿಯದಷ್ಟೇ. ಮೂಲಾರ್ಥ ಇಷ್ಟು ಸರಳವಾದರೂ ಒಂದು ತೊಡಕು ಅದರೊಳಗೇ ಇದೆ. ‘ಕೆಂಪು ಹೂವು’ ಎಂದರೆ ಕೆಂಪು ಹೂವಿನಲ್ಲಿದೆ. ‘ಲೋಕಲ್ ಮನುಷ್ಯ’ ಎಂದರೆ ಆ ಗುಣ ಮನುಷ್ಯನಲ್ಲಿದೆಯೇ, ಅವನು ನಿಂತ ಜಾಗದಲ್ಲಿದೆಯೇ, ಅಥವಾ ಹಾಗೆಂದು ಕರೆಯುವವನ ಬಾಯಲ್ಲಿದೆಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಗಾಡಿಯ ಲೋಕಲ್

ಈ ಪ್ರಾಂತದಲ್ಲಿ ಲೋಕಲ್ ಎಂದರೆ ಮೊದಲು ಗಾಡಿ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದನ್ನು ಎಲ್ಲರೂ ಬಲ್ಲರು. ಮರುವರ್ಷ ಹಳಿ ಕಲ್ಯಾಣಕ್ಕೆ ಬಂತು. 1856ರ ಮೇ ತಿಂಗಳಲ್ಲಿ ಕಲ್ಯಾಣದಿಂದ ಅಂಬರನಾಥ, ಬದಲಾಪುರಗಳನ್ನು ಹಾದು ಘಟ್ಟದ ಬುಡದ ಪಳಸದರಿಯವರೆಗೆ ಮುಟ್ಟಿತು. ದೂರದೂರಿಗೆ ಹೋಗುವ ಮೇಲ್ ಗಾಡಿಗಳಿಂದ ಬೇರ್ಪಡಿಸಿ ಹೇಳಲು, ಸಮೀಪದ ನಿಲ್ದಾಣಗಳಲ್ಲಿ ನಿಂತು ನಿಂತು ಹೋಗುವ ಗಾಡಿಗೆ ‘ಲೋಕಲ್ ಟ್ರೇನ್’ ಎಂದರು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗವಾಗಿ ಮೊದಲ ವಿದ್ಯುತ್ ಗಾಡಿ ಓಡಿದ ಮೇಲೆ ಈ ಗಾಡಿಗಳಿಗೆ ಮುಂಬಯಿಯ ಬದುಕಿನಲ್ಲಿ ಈಗಿರುವ ಸ್ಥಾನ ಬರತೊಡಗಿತು.

ಜನರ ಬಾಯಲ್ಲಿ ‘ಟ್ರೇನ್’ ಬಿದ್ದುಹೋಗಿ ‘ಲೋಕಲ್’ ಉಳಿಯಿತು. ಗುಣ ಉಳಿದು ವಸ್ತು ಮಾಯವಾಯಿತು! ವ್ಯಾಕರಣದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ನಮ್ಮವರು ಅದಕ್ಕೆ ವಿಭಕ್ತಿ ಪ್ರತ್ಯಯಗಳನ್ನೂ ಹಚ್ಚಿದರು: ಲೋಕಲ್ಲನ್ನು ಹಿಡಿ, ಲೋಕಲ್ಲಿಗೆ ಹೊತ್ತಾಯಿತು, ಲೋಕಲ್ಲಿನಲ್ಲಿ ಕೊಡೆ ಮರೆತೆ. ವಿಭಕ್ತಿ ಹತ್ತಿದ ಮೇಲೆ ಅದು ಕನ್ನಡದ ನಾಮಪದವೇ ಸರಿ. ‘ಅಂಬರನಾಥ ಲೋಕಲ್’ ಎನ್ನುವಾಗ ಊರಿನ ಹೆಸರೇ ಗುಣವಾಚಕವಾಗಿ, ಗುಣವಾಚಕ ನಾಮಪದವಾಗಿ ಎರಡೂ ಜಾಗ ಬದಲಿಸಿಕೊಂಡಿವೆ. ಮೇಲಾಗಿ ಈ ‘ಇಲ್ಲಿಯ’ ಗಾಡಿ ಓಡುವ ದೂರ ನೋಡಿರಿ. ಅಂಬರನಾಥದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಸುಮಾರು 60 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರಿಗೆ ಹೋಗುವವನು ‘ಪರವೂರಿಗೆ ಹೋಗಿಬರುತ್ತೇನೆ’ ಎನ್ನುತ್ತಾನೆ. ನಾವು ಸುಮಾರು ಅಷ್ಟೇ ದೂರವನ್ನು ದಿನಕ್ಕೆ ಎರಡು ಸಲ ಕ್ರಮಿಸಿ ‘ಲೋಕಲ್ಲಿನಲ್ಲಿ ಬಂದೆ’ ಎನ್ನುತ್ತೇವೆ. ‘ಇಲ್ಲಿ’ ಎಂಬುದು ಎಲ್ಲಿಯವರೆಗೆ ಎಂಬುದನ್ನು ಭೂಮಿ ಹೇಳುವುದಿಲ್ಲ, ಬಳಕೆ ಹೇಳುತ್ತದೆ.

ಗಡಿಯಾರದ ಲೋಕಲ್

ಈ ಲೋಕಲ್ ಗಾಡಿ ಮತ್ತೊಂದು ಲೋಕಲ್ಲನ್ನು ಕೊಂದಿತೆಂಬುದು ಹೆಚ್ಚು ಜನಕ್ಕೆ ತಿಳಿಯದು. ಅದು ಲೋಕಲ್ ಟೈಮ್, ಸ್ಥಳೀಯ ಕಾಲಮಾನ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ಆದ್ದರಿಂದ ಸೂರ್ಯ ನೆತ್ತಿಗೆ ಬರುವ ಹೊತ್ತು ಊರಿಂದೂರಿಗೆ ಬೇರೆ. ಧಾರವಾಡ 75 ಡಿಗ್ರಿಯ ಹತ್ತಿರ, ಮುಂಬಯಿ 73ಕ್ಕೆ ಸ್ವಲ್ಪ ಈಚೆ. ಧಾರವಾಡದಲ್ಲಿ ನಡುಹಗಲಾದ ಸುಮಾರು 9 ನಿಮಿಷಕ್ಕೆ ಮುಂಬಯಿಯಲ್ಲಿ ನಡುಹಗಲು. ಹಿಂದೆ ಪ್ರತಿಯೊಂದು ಊರೂ ತನ್ನ ಸೂರ್ಯನನ್ನೇ ನಂಬಿ ಬದುಕುತ್ತಿತ್ತು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ರೈಲು ಬಂದ ಮೇಲೆ ತೊಂದರೆ ಆರಂಭವಾಯಿತು. ಊರಿಗೊಂದು ಗಡಿಯಾರವಿದ್ದರೆ ವೇಳಾಪಟ್ಟಿ ಮಾಡುವುದು ಹೇಗೆ? ರೈಲ್ವೆಗಳು ಮದರಾಸಿನ ಸಮಯವನ್ನು ಹಿಡಿದವು. ಅದು ಮುಂಬಯಿ ಸಮಯಕ್ಕಿಂತ 30 ನಿಮಿಷ ಮುಂದು. ಹೀಗಾಗಿ ಬಹುಕಾಲ ನಿಲ್ದಾಣದ ಒಳಗೆ ಒಂದು ಹೊತ್ತು, ಹೊರಗೆ ಒಂದು ಹೊತ್ತು! 1906ರ ಜನವರಿ 1ರಿಂದ 82½ ಡಿಗ್ರಿಯನ್ನು ಆಧರಿಸಿದ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಮುಂಬಯಿಯ ಜನ ಅದನ್ನು ಸುಲಭವಾಗಿ ಒಪ್ಪಲಿಲ್ಲ. ತಮ್ಮ ಸೂರ್ಯನನ್ನು ಸರಕಾರ 39 ನಿಮಿಷ ಮುಂದೆ ತಳ್ಳಿತೆಂದು ಅವರಿಗೆ ಸಿಟ್ಟು. ಪ್ರಮಾಣ ಸಮಯದ ಜೊತೆಗೇ ‘ಬಾಂಬೆ ಟೈಮ್’ 1955ರವರೆಗೂ ಈ ನಗರದಲ್ಲಿ ಬಳಕೆಯಲ್ಲಿತ್ತು. ಈಗ ಅದರ ನೆನಪೂ ಇಲ್ಲ. ಬೆಳಗಿನ 6.12ರ ಲೋಕಲ್ ಹಿಡಿಯಲು ಓಡುವಾಗ ಅಂಬರನಾಥದ ಆಕಾಶದ ಪ್ರಕಾರ ನಿಜವಾಗಿ ಐದೂಮುಕ್ಕಾಲೂ ಆಗಿರುವುದಿಲ್ಲ. ಗಡಿಯಾರ ಸೂರ್ಯನಿಗಿಂತ ಸುಮಾರು 37 ನಿಮಿಷ ಮುಂದಿದೆ. ಬೆಂಗಳೂರಿನಲ್ಲಿ ಈ ಅಂತರ 20 ನಿಮಿಷ ಮಾತ್ರ. ಅಂದರೆ ‘ಇಲ್ಲಿಯದು’ ಎಂದು ನಾವು ನಂಬಿದ ಹೊತ್ತು ಕೂಡ ಇಲ್ಲಿಯದಲ್ಲ. ಎಲ್ಲೋ ಪೂರ್ವದಲ್ಲಿ ಎಳೆದ ಒಂದು ಗೆರೆಯದು. ಗೆರೆ ಎಳೆದವರು ಬೇರೆ, ಅದನ್ನು ಅನುಸರಿಸಿ ಏಳುವವರು ನಾವು. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಸರಕಿನ ಲೋಕಲ್

ಪೇಟೆಯಲ್ಲಿ ಲೋಕಲ್ ಎಂದರೆ ಬೈಗುಳ. ‘ಇದು ಕಂಪನಿ ಮಾಲಲ್ಲ, ಲೋಕಲ್’ ಎಂದರೆ ಬಾಳಿಕೆ ಬಾರದ್ದು ಎಂದರ್ಥ. ಬೆಂಗಳೂರಿನ ಕಡೆ ಈ ಅರ್ಥ ಇನ್ನೂ ಮುಂದೆ ಹೋಗಿದೆ. ‘ಅವನ ಭಾಷೆ ಬಹಳ ಲೋಕಲ್’ ಎಂದರೆ ಒರಟು, ಅಸಂಸ್ಕೃತ ಎಂದು ತಾತ್ಪರ್ಯ. ಇಂಗ್ಲಿಷಿನಲ್ಲಿ ಈ ಹೀನಾರ್ಥ ಇಷ್ಟು ಬಲವಾಗಿಲ್ಲ. ಹತ್ತಿರದ್ದು ಕೀಳು, ದೂರದ್ದು ಮೇಲು ಎಂಬ ಭಾವವನ್ನು ನಾವೇ ಅದಕ್ಕೆ ತುಂಬಿದೆವು.

ಇದಕ್ಕೆ ನಮ್ಮ ನೆರೆಯ ಉಲ್ಲಾಸನಗರವೇ ಸಾಕ್ಷಿ. ದೇಶವಿಭಜನೆಯಾದಾಗ ಸಿಂಧಿನಿಂದ ಬಂದ ನಿರಾಶ್ರಿತರು ಕಲ್ಯಾಣದ ಸೈನಿಕ ಶಿಬಿರಗಳಲ್ಲಿ ನೆಲೆಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅಲ್ಲಿ ಉಲ್ಲಾಸನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಎಲ್ಲವನ್ನೂ ಕಳೆದುಕೊಂಡು ಬಂದವರು ಕೈಗೆ ಸಿಕ್ಕ ಉದ್ಯೋಗ ಹಿಡಿದರು, ಏನನ್ನಾದರೂ ಮಾಡಿ ಮಾರಿದರು. ಪರದೇಶದ ಸರಕಿಗೆ ಜನ ಬಾಯಿ ಬಿಡುತ್ತಿದ್ದ ಆ ದಿನಗಳಲ್ಲಿ ಇಲ್ಲಿಯ ಸಾಮಾನಿನ ಮೇಲೆ ‘ಮೇಡ್ ಇನ್ ಯು.ಎಸ್.ಎ.’ ಎಂದಿರುತ್ತಿತ್ತಂತೆ, ಕೇಳಿದರೆ ‘ಉಲ್ಲಾಸನಗರ ಸಿಂಧಿ ಅಸೋಸಿಯೇಷನ್’ ಎಂಬ ಉತ್ತರವಂತೆ! ಈ ವಿನೋದ ಎಲ್ಲರ ಬಾಯಲ್ಲೂ ಇದೆ. ನಗು ಸಿಂಧಿಗಳ ಮೇಲೆ ಎಂದು ತಿಳಿಯುತ್ತೇವೆ. ಯೋಚಿಸಿದರೆ ಅದು ಕೊಳ್ಳುವವರ ಮೇಲೆ. ಅದೇ ಸಾಮಾನಿಗೆ ನಿಜವಾದ ವಿಳಾಸ ಬರೆದಿದ್ದರೆ ನಾವು ಕೊಳ್ಳುತ್ತಿದ್ದೆವೇ?

ಇನ್ನೊಂದು ಕಡೆ, ಇದೇ ಅರ್ಥದ ನಮ್ಮ ಮಾತುಗಳನ್ನು ನೋಡಿರಿ. ಧಾರವಾಡ, ಬಿಜಾಪುರದ ಕಡೆಯವರು ‘ಜವಾರಿ’ ಮೆಣಸಿನಕಾಯಿ ಎನ್ನುತ್ತಾರೆ. ಮೈಸೂರು, ಬೆಂಗಳೂರಿನವರು ‘ನಾಟಿ’ ಕೋಳಿ ಎನ್ನುತ್ತಾರೆ. ದಕ್ಷಿಣ ಕನ್ನಡದವರು ‘ಊರಿನ’ ಕೋಳಿ ಎನ್ನುತ್ತಾರೆ. ಇಲ್ಲಿಯ ಮರಾಠಿಗರು ‘ಗಾವಠಿ’ ಎನ್ನುತ್ತಾರೆ. ಇವೆಲ್ಲ ಲೋಕಲ್ ಎಂಬುದರ ತದ್ವತ್ ಅನುವಾದ. ಆದರೆ ಈ ಹೆಸರು ಹೊತ್ತ ಪದಾರ್ಥಕ್ಕೆ ಪೇಟೆಯಲ್ಲಿ ಎರಡು ಕಾಸು ಹೆಚ್ಚು. ಜವಾರಿ ಎಂದರೆ ರುಚಿ, ಲೋಕಲ್ ಎಂದರೆ ಕಳಪೆ. ಒಂದೇ ಗುಣ, ಹೇಳುವ ಭಾಷೆ ಬದಲಾದರೆ ಬೆಲೆ ಬದಲು. ಹಳಗನ್ನಡದ ಕವಿಗಳಿಗೂ ಈ ತೂಕದ ಚಿಂತೆ ಇತ್ತು. 9ನೆಯ ಶತಮಾನದ ‘ಕವಿರಾಜಮಾರ್ಗ’ದ ಕಾಲದಿಂದಲೂ ‘ಮಾರ್ಗ’ ಮತ್ತು ‘ದೇಸಿ’ ಎಂಬ ಎರಡು ಮಾತುಗಳ ಸುತ್ತ ಕನ್ನಡ ಕಾವ್ಯವಿಚಾರ ನಡೆದಿದೆ. ಮಾರ್ಗವೆಂದರೆ ಎಲ್ಲೆಡೆ ಸಲ್ಲುವ ಸಂಸ್ಕೃತದ ಹೆದ್ದಾರಿ. ದೇಸಿ ಎಂದರೆ ಈ ನೆಲದ ನುಡಿ. ದೇಸಿಯನ್ನು ಕೀಳೆಂದು ತಳ್ಳದೆ, ಎರಡನ್ನೂ ಹದವಾಗಿ ಬೆರಸುವುದೇ ಕವಿಯ ಜಾಣ್ಮೆ ಎಂದು ನಮ್ಮ ದೊಡ್ಡ ಕವಿಗಳು ಕಂಡುಕೊಂಡರು.

ರಾಜರ ‘ಪರ್ಮನೆಂಟ್ ಅಡ್ರೆಸ್’

‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಆ ನೃಪತುಂಗನಿಗೂ ನಾವಿರುವ ಈ ಪ್ರಾಂತಕ್ಕೂ ನಂಟಿದೆ. ಬೊರಿವಲಿಯ ಕಾಡಿನೊಳಗಿನ ಕನ್ಹೇರಿ ಗುಹೆಗಳ ಶಾಸನಗಳಲ್ಲಿ ಅವನ ಹೆಸರು ಇದೆ; ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಅದೇ ಶಿಲಾಹಾರ ವಂಶದ ಮಾಮ್ವಾಣಿಯ ಕಾಲದ ಶಾಸನ ನಮ್ಮ ಅಂಬರನಾಥದ ಶಿವಾಲಯದಲ್ಲಿದೆ: ಶಕ 982, ಅಂದರೆ ಕ್ರಿ.ಶ. 1060. ವಾಲಧುನಿ ಹೊಳೆಯ ದಂಡೆಯ ಆ ಕಪ್ಪು ಕಲ್ಲಿನ ಗುಡಿಗಿಂತ ‘ಇಲ್ಲಿಯದು’ ಎನ್ನಬಹುದಾದ ವಸ್ತು ಈ ಊರಿನಲ್ಲಿ ಬೇರೊಂದಿಲ್ಲ. ಆದರೆ ಅದರ ಶಿಖರದ ಶೈಲಿಯನ್ನು ವಾಸ್ತುಶಾಸ್ತ್ರಜ್ಞರು ‘ಭೂಮಿಜ’ ಎನ್ನುತ್ತಾರೆ. ಇಲ್ಲಿ ‘ಭೂಮಿ’ ಎಂದರೆ ಶಿಖರದ ಅಂತಸ್ತು ಎಂಬ ಅರ್ಥವೂ ಇದೆ. ಪದಶಃ ಹೇಳುವುದಾದರೆ ಭೂಮಿಯಿಂದ ಹುಟ್ಟಿದ್ದು. ಈ ಭೂಮಿಜ ಶೈಲಿಯ ತವರು ಕೊಂಕಣವಲ್ಲ, ಮಾಳವ! ನಮ್ಮ ಊರಿನ ಅತ್ಯಂತ ಸ್ಥಳೀಯವಾದ ಕಟ್ಟಡದ ರೂಪ ನೂರಾರು ಮೈಲಿ ನಡೆದು ಬಂದದ್ದು.

ಅದನ್ನು ಕಟ್ಟಿಸಿದ ವಂಶದ ಬಿರುದನ್ನು ನೋಡಿದರೆ ಇನ್ನೂ ಮೋಜು. ಶಿಲಾಹಾರರು ತಮ್ಮನ್ನು ‘ತಗರಪುರವರಾಧೀಶ್ವರ’ ಎಂದು ಕರೆದುಕೊಂಡರು. ತಗರವೆಂದರೆ ಮರಾಠವಾಡೆಯ ತೇರ್ ಎಂಬ ಊರು. ಕೊಂಕಣವನ್ನು ತಲೆತಲಾಂತರದಿಂದ ಆಳಿದರೂ ಬಿರುದಿನಲ್ಲಿ ಮೂಲದ ಊರು ಬಿಡಲಿಲ್ಲ. ರಾಷ್ಟ್ರಕೂಟರೂ ಹಾಗೆಯೇ ‘ಲಟ್ಟಲೂರಪುರವರಾಧೀಶ್ವರ’ರು, ಲಟ್ಟಲೂರು ಇಂದಿನ ಲಾತೂರು. ಸರಕಾರಿ ಫಾರಮಿನಲ್ಲಿ ‘ಲೋಕಲ್ ಅಡ್ರೆಸ್’ ಒಂದು, ‘ಪರ್ಮನೆಂಟ್ ಅಡ್ರೆಸ್’ ಒಂದು ಎಂದು ಎರಡು ಕಾಲಮು ಇರುತ್ತವಲ್ಲ. ಸಾವಿರ ವರ್ಷದ ಹಿಂದಿನ ರಾಜರೂ ಎರಡನೆಯ ಕಾಲಮನ್ನು ತುಂಬಿಯೇ ಆಳಿದರು ಎನ್ನಬಹುದು. ಅವರಿಗೆ ಅದು ಹೆಮ್ಮೆ. ಅಯ್ಯಾವೊಳೆಯ ಐನೂರ್ವರೆಂಬ ಪ್ರಸಿದ್ಧ ವರ್ತಕ ಸಂಘದವರು ಶಾಸನಗಳಲ್ಲಿ ತಮ್ಮನ್ನು ‘ಉಭಯ ನಾನಾದೇಶಿ’ಗಳೆಂದು ಕರೆದುಕೊಂಡರು. ಅನೇಕ ದೇಶಗಳಲ್ಲಿ ಸಂಚರಿಸುವವನು ಎಂಬುದು ಬಿರುದಾಗಿತ್ತು. ಇಂದಿನ ಕನ್ನಡದಲ್ಲಿ ‘ಪರದೇಶಿ’ ಎಂದರೇನು? ದಿಕ್ಕಿಲ್ಲದವನು, ಅನಾಥ. ಬೇರೆ ದೇಶದವನು ಎಂಬ ಮಾತು ನಮ್ಮ ನಾಲಿಗೆಯ ಮೇಲೆ ಯಾರೂ ಇಲ್ಲದವನು ಎಂದಾಗಿ ಬದಲಾಯಿತು. ಊರು ಬಿಟ್ಟವನಿಗೆ ಒದಗಿದ ಕಷ್ಟಗಳ ಚರಿತ್ರೆಯೆಲ್ಲ ಆ ಒಂದು ಅರ್ಥಾಂತರದಲ್ಲಿ ಅಡಗಿದೆ.

ಆಡಳಿತದ ಲೋಕಲ್

ಬ್ರಿಟಿಷರ ಕಾಲದಲ್ಲಿ ಈ ಗುಣವಾಚಕ ಕಾನೂನಿನೊಳಕ್ಕೆ ಬಂತು. 1882ರ ಮೇ 18ರಂದು ವೈಸರಾಯ್ ರಿಪನ್ನನ ಸರಕಾರ ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಪ್ರಸಿದ್ಧವಾದ ನಿರ್ಣಯ ಹೊರಡಿಸಿತು. 1884ರಲ್ಲಿ ಮುಂಬಯಿ ಇಲಾಖೆಯಲ್ಲಿ ಲೋಕಲ್ ಬೋರ್ಡುಗಳ ಕಾಯಿದೆ ಬಂತು. ಅದೇ ವರ್ಷ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ವೈದ್ಯ ಕೊಕೇನನ್ನು ಕಣ್ಣಿಗೆ ಹಾಕಿ, ಮನುಷ್ಯನನ್ನು ಮಲಗಿಸದೆ ಆ ಜಾಗವನ್ನಷ್ಟೇ ಮರಗಟ್ಟಿಸಬಹುದೆಂದು ತೋರಿಸಿದ. ‘ಲೋಕಲ್ ಕೊಟ್ಟು ಹಲ್ಲು ಕಿತ್ತರು’ ಎನ್ನುವ ಮಾತಿನ ಮೂಲ ಅಲ್ಲಿದೆ. ಲೋಕಲ್ ಬೋರ್ಡಿನ ಕೆಲಸವೂ ಒಂದು ಬಗೆಯಲ್ಲಿ ಅದೇ ಎಂದು ವಿನೋದ ಮಾಡುವವರಿದ್ದಾರೆ; ಆದರೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳ ಹಳ್ಳಿಗಳಲ್ಲಿ ಅಕ್ಷರ ಕಲಿತ ಹಿರಿಯರಿಗೆ ಆ ಮಾತು ವಿನೋದದ್ದಲ್ಲ. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಯ ಮೇಲೆ ಪ್ರಾಥಮಿಕ ಶಾಲೆಗಳು ಜಿಲ್ಲಾ ಲೋಕಲ್ ಬೋರ್ಡುಗಳ ಕೈಗೆ ಬಂದವು. ‘ಲೋಕಲ್ ಬೋರ್ಡ್ ಶಾಲೆ’ ಎಂದರೆ ಅವರಿಗೆ ಊರಿನ ಕನ್ನಡ ಶಾಲೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಧಾರವಾಡದ ಲೋಕಲ್ ಬೋರ್ಡೂ ಠಾಣೆಯ ಲೋಕಲ್ ಬೋರ್ಡೂ ಒಂದೇ ಇಲಾಖೆಯವು. ಪೇಶ್ವೆಯ ರಾಜ್ಯ ಮುಗಿದ ಮೇಲೆ ನೂರಕ್ಕೂ ಹೆಚ್ಚು ವರ್ಷ ಈ ಎರಡು ಜಿಲ್ಲೆಗಳೂ ಮುಂಬಯಿ ಸರಕಾರದ ಕೆಳಗಿದ್ದವು. ಧರ್ಮಸಿ ಮೊರಾರ್ಜಿ ಕೆಮಿಕಲ್ ಕಾರಖಾನೆಗೋ, ವಿಮ್ಕೊ ಬೆಂಕಿಪೆಟ್ಟಿಗೆ ಕಾರಖಾನೆಗೋ, ಆಮೇಲೆ ಆರ್ಡನನ್ಸ್ ಫ್ಯಾಕ್ಟರಿಗೋ ಕೆಲಸಕ್ಕೆಂದು ಅಂಬರನಾಥಕ್ಕೆ ಬಂದ ಧಾರವಾಡದವನು ತನ್ನ ಪ್ರಾಂತದ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಬಂದಿದ್ದ, ಅಷ್ಟೇ. ಮಂಗಳೂರು, ಉಡುಪಿಯವರು ಮದರಾಸು ಇಲಾಖೆಯಿಂದ ಬಂದರು. ಗುಲಬರ್ಗಾ, ಬೀದರದವರು ನಿಜಾಮನ ರಾಜ್ಯದಿಂದ ಬಂದರು. ಮೈಸೂರಿನವರು ಮಹಾರಾಜರ ಸಂಸ್ಥಾನದಿಂದ ಬಂದರು. ನಾಲ್ಕು ಸರಕಾರಗಳ ಕನ್ನಡಿಗರು ಇಲ್ಲಿ ಒಂದೇ ಓಣಿಯಲ್ಲಿ ಕೂಡಿಕೊಂಡದ್ದು ಕರ್ನಾಟಕ ಏಕೀಕರಣಕ್ಕಿಂತ ಮೊದಲೇ ನಡೆದ ಏಕೀಕರಣ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ರಚನೆಯಾಗಿ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮಾತ್ರ ಮುಂಬಯಿಯಲ್ಲೇ ಉಳಿಯಿತು. ಕನ್ನಡಿಗರು ಎಷ್ಟೋ ಕಾಲದಿಂದ ಹೋರಾಡಿ ಪಡೆದ ದಿನ ಅದು. ನಮಗೂ ಹಬ್ಬದ ದಿನ. ಆದರೆ ಅಂಬರನಾಥದ ಚಾಳಿನಲ್ಲಿದ್ದ ಧಾರವಾಡದವನ ಪಾಲಿಗೆ ಆ ರಾತ್ರಿ ಇನ್ನೊಂದೂ ನಡೆಯಿತು. ಮಲಗುವಾಗ ತನ್ನ ಪ್ರಾಂತದಲ್ಲೇ ಇದ್ದವನು ಏಳುವಾಗ ಪರಪ್ರಾಂತದವನಾಗಿದ್ದ. ಅವನು ಚಾಪೆಯಿಂದ ಕದಲಿರಲಿಲ್ಲ, ಗೆರೆ ಕದಲಿತ್ತು. 1960ರ ಮೇ 1ರಂದು ಮಹಾರಾಷ್ಟ್ರ ಉದಯವಾಯಿತು. 1966ರ ಜೂನ್ 19ರಂದು ಮುಂಬಯಿಯಲ್ಲಿ ಶಿವಸೇನೆ ಹುಟ್ಟಿ, ನೌಕರಿಗಳು ಸ್ಥಾನಿಕರಿಗೆ, ಭೂಮಿಪುತ್ರರಿಗೆ ಸಲ್ಲಬೇಕೆಂಬ ಕೂಗು ಎದ್ದಾಗ ಅದರ ಮೊದಲ ಬಿಸಿ ತಟ್ಟಿದ್ದು ದಕ್ಷಿಣದವರಿಗೆ. ಆ ದಿನಗಳನ್ನು ಕಂಡ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ.

ಹದಿನೈದು ವರ್ಷ

ಹಾಗಾದರೆ ಎಷ್ಟು ಕಾಲ ಇದ್ದರೆ ಒಬ್ಬನು ಸ್ಥಾನಿಕನಾಗುತ್ತಾನೆ? ಕಾನೂನು ಇದಕ್ಕೆ ಅಂಕಿಯಲ್ಲೇ ಉತ್ತರ ಕೊಟ್ಟಿದೆ. ನಿಜಾಮನ ರಾಜ್ಯದಲ್ಲಿ 1919ರ ‘ಮುಲ್ಕಿ’ ನಿಯಮಗಳಿದ್ದವು. ಮುಲ್ಕಿ ಎಂದರೆ ದೇಶೀಯನು, ಲೋಕಲ್. ಹೊರಗಿನಿಂದ ಬಂದವನು ಮುಲ್ಕಿ ಎನಿಸಿಕೊಳ್ಳಲು ಕನಿಷ್ಠ 15 ವರ್ಷ ಅಲ್ಲಿ ಕಾಯಮ್ಮಾಗಿ ವಾಸಿಸಿರಬೇಕು. ಅಷ್ಟೇ ಸಾಲದು, ಹಿಂದೆ ಇದ್ದ ಊರಿಗೆ ಮರಳುವ ಯೋಚನೆಯನ್ನು ಬಿಟ್ಟಿದ್ದೇನೆಂದು ಪ್ರಮಾಣಪತ್ರವನ್ನೂ ಮಾಡಿಸಬೇಕು. ನಾನು ಓದಿದ ಸರಕಾರಿ ನಿಯಮಗಳಲ್ಲಿ ಇಷ್ಟು ಮನಸ್ಸಿಗೆ ನಾಟಿದ್ದು ಇನ್ನೊಂದಿಲ್ಲ. ವಾಸವನ್ನು ಪಡಿತರ ಚೀಟಿಯಿಂದ ಅಳೆಯಬಹುದು. ಮರಳುವ ಯೋಚನೆಯನ್ನು ಯಾವ ತಕ್ಕಡಿಯಲ್ಲಿ ಅಳೆಯುವುದು?

ಭಾರತದ ಸಂವಿಧಾನದ 16ನೆಯ ವಿಧಿ ಸರಕಾರಿ ಉದ್ಯೋಗದಲ್ಲಿ ಜನ್ಮಸ್ಥಳ, ವಾಸಸ್ಥಳಗಳ ಭೇದ ಮಾಡಬಾರದೆಂದಿತು. ವಾಸದ ಷರತ್ತು ಹಾಕುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಇಟ್ಟಿತು. 1957ರ ಕಾಯಿದೆಯೊಂದು ಕೆಲವು ಪ್ರದೇಶಗಳನ್ನು ಬಿಟ್ಟು ಹಳೆಯ ಷರತ್ತುಗಳನ್ನು ತೆಗೆಯಿತು. ಆದರೂ ಹದಿನೈದು ಎಂಬ ಅಂಕಿ ಸಾಯಲಿಲ್ಲ. ಮಹಾರಾಷ್ಟ್ರದ ಡೊಮಿಸೈಲ್ ದಾಖಲೆಗೆ 15 ವರ್ಷದ ವಾಸ ತೋರಿಸಬೇಕು. ಕರ್ನಾಟಕದಲ್ಲಿ ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲಿ ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಬೇಕೆಂದು ವರದಿ ಕೊಟ್ಟಿತು. 2024ರ ಜುಲೈಯಲ್ಲಿ ಅಲ್ಲಿಯ ಮಂತ್ರಿಮಂಡಲ ಒಪ್ಪಿದ ಮಸೂದೆಯ ಹೆಸರಿನಲ್ಲೇ ‘ಲೋಕಲ್ ಕ್ಯಾಂಡಿಡೇಟ್’ ಎಂಬ ಮಾತಿತ್ತು. ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಅವರಿಗೆ. ಲೋಕಲ್ ಕ್ಯಾಂಡಿಡೇಟ್ ಯಾರು? ಕರ್ನಾಟಕದಲ್ಲಿ ಹುಟ್ಟಿದವನು, 15 ವರ್ಷ ಅಲ್ಲಿ ನೆಲೆಸಿದವನು, ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವನು. ಉದ್ದಿಮೆಗಳ ವಿರೋಧ ಬಂದು ಕೆಲವೇ ದಿನಗಳಲ್ಲಿ ಆ ಮಸೂದೆಯನ್ನು ತಡೆಹಿಡಿಯಲಾಯಿತು. ಹರಿಯಾಣದ ಇಂಥದೇ ಕಾನೂನನ್ನು 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ ರದ್ದುಗೊಳಿಸಿತ್ತು.

ಈಗ ನಮ್ಮ ಮಕ್ಕಳನ್ನು ಈ ವ್ಯಾಖ್ಯೆಯ ಪಕ್ಕದಲ್ಲಿ ನಿಲ್ಲಿಸಿ ನೋಡಿರಿ. ಅಂಬರನಾಥದಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಆಡಿ, ರಜೆಯಲ್ಲಿ ಅಜ್ಜನಿಂದ ಅಕ್ಷರ ಕಲಿತ ಹುಡುಗಿ ಮೂರರಲ್ಲಿ ಒಂದು ಷರತ್ತನ್ನು ಪೂರೈಸುತ್ತಾಳೆ. ಅದೂ ಎಲ್ಲಕ್ಕಿಂತ ಕಷ್ಟವಾದದ್ದನ್ನು. ಆದರೆ ಬೆಂಗಳೂರಿನ ಲೆಕ್ಕದಲ್ಲಿ ಅವಳು ಲೋಕಲ್ ಅಲ್ಲ. ಇಲ್ಲಿ ದಾಖಲೆಯ ಪ್ರಕಾರ ಲೋಕಲ್ ಆದರೂ, ಅವಳ ಅಡ್ಡಹೆಸರನ್ನು ಕೇಳಿದವರು ‘ಮೂಳ ಗಾವ್ ಕುಠಲೆ?’ ಎಂದು ಕೇಳದೆ ಬಿಡುವುದಿಲ್ಲ. ಅಲ್ಲಿ ಅವಳಿಗೆ ‘ಹೊರನಾಡ ಕನ್ನಡತಿ’ ಎಂಬ ಹೆಸರು. ಅದು ಪ್ರೀತಿಯಿಂದ ಇಟ್ಟ ಹೆಸರೇ. ಆದರೂ ‘ಹೊರ’ ಎಂಬ ಗುಣವಾಚಕ ಅದರಲ್ಲಿ ಮೊದಲು ಬರುತ್ತದೆ, ‘ಕನ್ನಡ’ ಆಮೇಲೆ.

ಇದನ್ನು ಬರಿಯ ದೂರಾಗಿ ಹೇಳಿ ಬಿಟ್ಟರೆ ನ್ಯಾಯವಾಗದು. ಬೆಂಗಳೂರಿನ ಕೆಲಸ ಕನ್ನಡಿಗರಿಗೆ ಸಿಗಬೇಕೆಂದು ಪತ್ರಿಕೆಯಲ್ಲಿ ಓದಿದಾಗ ನಾವು ಇಲ್ಲಿ ಕುಳಿತು ತಲೆದೂಗುತ್ತೇವೆ. ಅದೇ ಮಾತನ್ನು ಮರಾಠಿಗನು ಮುಂಬಯಿಯ ಬಗ್ಗೆ ಹೇಳಿದಾಗ ನಮಗೆ ಸಂವಿಧಾನ ನೆನಪಾಗುತ್ತದೆ. ತನ್ನ ಊರಿನ ಕಾರಖಾನೆಯಲ್ಲಿ ತನ್ನ ಮಗನಿಗೆ ಜಾಗವಿಲ್ಲವೆಂಬ ನೋವು ಎರಡು ಕಡೆಯೂ ನಿಜವಾದದ್ದು. ಮೇಲಾಗಿ, ಠಾಣೆ ಜಿಲ್ಲೆಯಲ್ಲಿ ನಮ್ಮೆಲ್ಲರಿಗಿಂತ ಹಳಬರಾದ ಆಗರಿ, ಕೋಳಿ, ಕಾತಕರಿ ಜನರ ಗದ್ದೆಗಳ ಮೇಲೆಯೇ ಕಾರಖಾನೆಗಳೂ ನಮ್ಮ ಸೊಸೈಟಿಗಳೂ ಎದ್ದಿವೆ. ‘ಲೋಕಲ್ ಯಾರು?’ ಎಂಬ ಪ್ರಶ್ನೆಗೆ ಮೊದಲು ಕೈಯೆತ್ತುವ ಹಕ್ಕು ಅವರದು. ಆ ಪ್ರಶ್ನೆಯಿಂದ ಕಡಿಮೆ ಪ್ರಯೋಜನ ಪಡೆದವರೂ ಅವರೇ. ಆದ್ದರಿಂದ ಈ ಗುಣವಾಚಕವನ್ನು ಬಳಸುವಾಗ ಎರಡು ಊರುಗಳಲ್ಲಿ ಎರಡು ಅಳತೆಗೋಲು ಇಟ್ಟುಕೊಳ್ಳಬಾರದು.

ಗೆರೆ ಮತ್ತು ಮನುಷ್ಯ

ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಈ ಗುಣ ಇರುವುದು ಎಲ್ಲಿ? ಗಾಡಿಯಲ್ಲಿ ಅದನ್ನು ಬಳಕೆ ಗೊತ್ತುಮಾಡಿತು. ಗಡಿಯಾರದಲ್ಲಿ ದೂರದ ಗೆರೆ ಗೊತ್ತುಮಾಡಿತು. ಸರಕಿನಲ್ಲಿ ಕೊಳ್ಳುವವನ ಮನಸ್ಸು, ರಾಜ್ಯದಲ್ಲಿ ಕಾಯಿದೆ. ನಮ್ಮ ಊರಿನ ಪುರಸಭೆಯನ್ನೇ ನೋಡಿರಿ. 1983ರಲ್ಲಿ ಅಂಬರನಾಥ ಕಲ್ಯಾಣ ಮಹಾನಗರಪಾಲಿಕೆಯೊಳಗೆ ಸೇರಿತು, 1992ರಲ್ಲಿ ಮತ್ತೆ ಹೊರಬಂತು. ಆ ಒಂಬತ್ತು ವರ್ಷ ನಮ್ಮ ಸ್ಥಳೀಯ ಸಂಸ್ಥೆ ಪಕ್ಕದ ಊರಿನಲ್ಲಿತ್ತು. ಊರು ಎಲ್ಲಿತ್ತೋ ಅಲ್ಲೇ ಇತ್ತು. ಇಷ್ಟು ಸಲ ಜಾಗ ಬದಲಿಸಿದ ಗುಣವನ್ನು ಮನುಷ್ಯನ ರಕ್ತದ ಗುಣವೆಂದು ತಿಳಿಯುವುದು ತಪ್ಪು.

ಕೇಂದ್ರ ಸರಕಾರದ ನೌಕರರಿಗೆ 1956ರಿಂದ ರಜಾ ಪ್ರಯಾಣ ಸೌಲಭ್ಯವಿದೆ. ಅದಕ್ಕಾಗಿ ‘ಹೋಮ್ ಟೌನ್’ ಯಾವುದೆಂದು ಘೋಷಿಸಬೇಕು. ಅದನ್ನು ಒಪ್ಪುವ ಮೊದಲು ನಿಯಮ ಏನೇನು ಕೇಳುತ್ತದೆ? ಸಂಸಾರದ, ಸಮಾಜದ ಕರ್ತವ್ಯಗಳಿಗಾಗಿ ನೀನು ಆಗಾಗ ಆ ಊರಿಗೆ ಹೋಗಬೇಕಾಗುತ್ತದೆಯೇ, ಅಲ್ಲಿ ನಿನಗೆ ಮನೆಯಿದೆಯೇ, ಹತ್ತಿರದ ನೆಂಟರಿದ್ದಾರೆಯೇ ಎಂದು. ಹುಟ್ಟಿದ್ದು ಎಲ್ಲಿ ಎಂಬುದು ಮೊದಲ ಪ್ರಶ್ನೆಯಲ್ಲ. ಕರ್ತವ್ಯ ಎಲ್ಲಿ ಎಂಬುದು ಮೊದಲ ಪ್ರಶ್ನೆ. ಒಣ ನಿಯಮಾವಳಿಯಲ್ಲಿ ಇಷ್ಟು ತಿಳಿವಳಿಕೆಯ ಮಾತು ಅಡಗಿರುವುದು ನನಗೆ ಸಂತೋಷ ತಂದಿದೆ. ಯಾವ ಊರಿನ ಸಾವಿಗೆ ಹೋಗುತ್ತೇವೆ, ಯಾವ ಊರಿನ ಮದುವೆಗೆ ಕೈಯಿಕ್ಕುತ್ತೇವೆ, ಯಾವ ಊರಿನ ನೀರು ಬಾರದಿದ್ದರೆ ಅರ್ಜಿ ಬರೆಯುತ್ತೇವೆ, ಆ ಊರಿಗೆ ನಾವು ಲೋಕಲ್. ಅಂಥ ಊರುಗಳು ಒಬ್ಬನಿಗೆ ಎರಡಿರಬಾರದೆಂದು ಯಾವ ತರ್ಕವೂ ಹೇಳುವುದಿಲ್ಲ.

ನಮ್ಮ ಹಿರಿಯರಲ್ಲಿ ಬಹಳ ಮಂದಿ ನಿವೃತ್ತಿಯಾದ ಮೇಲೆ ಊರಿಗೆ ಹೋಗುತ್ತೇವೆಂದು ನಲವತ್ತು ವರ್ಷ ಹೇಳುತ್ತಲೇ ಇದ್ದು ಇಲ್ಲಿಯೇ ಮಣ್ಣಾದರು. ಮರಳುವ ಯೋಚನೆ ಬಿಟ್ಟೆನೆಂದು ಅವರು ಯಾವ ಪ್ರಮಾಣಪತ್ರವನ್ನೂ ಬರೆಯಲಿಲ್ಲ. ಆದರೂ ಇಲ್ಲಿ ಶಾಲೆ ಕಟ್ಟಿದರು, ಸಂಘ ಕಟ್ಟಿದರು, ನೆರೆಯವರ ಗಣಪತಿಗೆ ವರ್ಗಣಿ ಕೊಟ್ಟರು. ಇನ್ನು ಮಕ್ಕಳ ಮಾತು. ಅವರಿಗೆ ಮರಾಠಿ ಬೀದಿಯ ಭಾಷೆಯಾಗಿ ಬಂದಿದೆ. ಅದನ್ನು ಓದಿ ಬರೆಯುವಷ್ಟೂ ಬರಲಿ, ಈ ನೆಲದ ಋಣ ಅದು. ಕನ್ನಡ ತಾನಾಗಿ ಬರುವುದಿಲ್ಲ, ನಾವು ಕೊಟ್ಟರೆ ಮಾತ್ರ. ಎರಡೂ ಇದ್ದವರಿಗೆ ಫಾರಮಿನ ಎರಡು ಕಾಲಮುಗಳನ್ನು ತುಂಬುವುದು ಕಷ್ಟವಾಗದು. ಒಂದನ್ನೂ ಗಟ್ಟಿಯಾಗಿ ಕಲಿಯದವರು ಮಾತ್ರ ಎರಡು ಕಡೆಯೂ ಪರದೇಶಿಗಳಾಗುತ್ತಾರೆ, ಆ ಮಾತಿನ ಈಗಿನ ಕನ್ನಡ ಅರ್ಥದಲ್ಲಿ.